ಗದಗದಿಂದ ಹತ್ತು ಮಂದಿ ಬರುತ್ತಿದ್ದಾರೆ, ಬೀಚ್ ಬಿಟ್ಟು ಗೋವಾದಲ್ಲಿ ಏನು ತೋರಿಸಲಿ?

ವಾಸ್ಕೋ_ಬಾಡಿಗೆಮನೆ
ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ನಮ್ಮ ಮನೆಯವರು ಟಿಟಿ (ಟೆಂಪೋ ಟ್ರಾವೆಲರ್) ಮಾಡಿಕೊಂಡು ಬರುತ್ತಿದ್ದಾರೆ. ಅಪ್ಪ, ಅವ್ವ, ಕಾಕಾ, ಕಾಕು, ಅಕ್ಕ, ಮಾವ, ಜೊತೆಗೆ ನಾಲ್ಕು ಮಕ್ಕಳು. ಮೂರು ದಿನ ಇರುತ್ತಾರೆ. ಅವ್ವನಿಗೆ ಮೊಣಕಾಲು ನೋವು. ಅಪ್ಪನಿಗೆ ಹಳೇ ಗುಡಿ ಕಂಡರೆ ಊಟ ನೆನಪಾಗುವುದಿಲ್ಲ. ಮಕ್ಕಳಿಗೆ ನೀರು ಕಂಡರೆ ಸಾಕು. ಕಾಕಾ ಮಾತ್ರ ಹತ್ತು ವರ್ಷದ ಹಿಂದೆ ಕಲಂಗುಟ್‌ಗೆ ಬಂದು ಹೋದವರು, "ಗೋವಾದಾಗ ಏನೈತಿ, ಉಸುಕು ಮತ್ತ ಬಾಟ್ಲಿ" ಅಂತ ಇವತ್ತಿಗೂ ಹೇಳುತ್ತಾರೆ. ಅವರ ಬಾಯಿ ಮುಚ್ಚಿಸಬೇಕು.

ನಾನು ಇಲ್ಲಿಗೆ ಬಂದು ಎರಡು ವರ್ಷ ಆಯಿತು. ಡ್ಯೂಟಿ ಬಿಟ್ಟರೆ ಬೊಗ್ಮಾಳೋ ಬೀಚ್ ಅಷ್ಟೇ ಗೊತ್ತು. ಒಂದು ಪಟ್ಟಿ ಮಾಡಿದ್ದೇನೆ: ಹಳೇ ಗೋವಾ ಚರ್ಚು, ದೂಧಸಾಗರ, ಅಗ್ವಾದ ಕೋಟೆ, ಮಂಗೇಶಿ. ನಾಲ್ಕೂ ಒಂದೇ ದಿನದಲ್ಲಿ ಮುಗಿಯುತ್ತಾ?

ಟೆಂಪೋ_ಮಾವ
ಮುಗಿಯಲ್ಲ ತಮ್ಮಾ. ಮುಗಿಸಿದರೂ ನೆನಪಲ್ಲಿ ಉಳಿಯುವುದು ಸೀಟು ಮಾತ್ರ.

ಪಟ್ಟಿ ಆಮೇಲೆ ನೋಡೋಣ. ಅವರು ಯಾವ ಘಾಟ್ ಇಳಿದು ಬರುತ್ತಾರೆ, ಅದನ್ನು ಮೊದಲು ಹೇಳು. ಅನಮೋಡವಾ, ಚೋರ್ಲಾವಾ, ಇಲ್ಲ ಅಂಕೋಲಾ ಮೇಲೆ ಕಾರವಾರ ಸುತ್ತಿಯಾ? ಇಪ್ಪತ್ತು ವರ್ಷದಿಂದ ಈ ದಾರಿಗಳಲ್ಲಿ ಗಾಡಿ ಓಡಿಸುತ್ತಿದ್ದೇನೆ. ನಮ್ಮ ಕಡೆಯವರು ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಘಾಟ್ ಇಳಿದ ಕೂಡಲೇ ರೂಮಿಗೆ ಓಡುವುದು, ಮರುದಿನ ನೋಡಲು ಅದೇ ಘಾಟಿನ ಬುಡಕ್ಕೆ ವಾಪಸ್ ಹೋಗುವುದು. ಡೀಸೆಲ್ ದಂಡ, ಸೊಂಟವೂ ದಂಡ.

ವಾಸ್ಕೋ_ಬಾಡಿಗೆಮನೆ
ಧಾರವಾಡ, ಅಳ್ನಾವರ, ಲೋಂಡಾ ಮೇಲೆ ಅನಮೋಡ ಇಳಿಯುತ್ತಾರೆ ಅಂತ ಅಪ್ಪ ಹೇಳಿದರು. ಹೋಗುವಾಗಲೂ ಅದೇ.

ಟೆಂಪೋ_ಮಾವ
ಬರುವಾಗ ಅನಮೋಡ ಸರಿ. ಹೋಗುವಾಗ ಕಾರವಾರದ ಕಡೆ ಕಳಿಸು, ಕಾರಣ ಆಮೇಲೆ ಹೇಳುತ್ತೇನೆ.

ಅನಮೋಡ ಇಳಿದರೆ ಸಿಗುವುದು ಮೊಲೆಂ. ಅಲ್ಲಿಂದ ಬಲಕ್ಕೆ ಕಾಡಿನ ರಸ್ತೆಯಲ್ಲಿ ಸುಮಾರು ಹನ್ನೆರಡು ಕಿಲೋಮೀಟರ್ ಹೋದರೆ ತಾಂಬ್ಡಿ ಸುರ್ಲಾ. ಮಹಾದೇವನ ಗುಡಿ, ಕದಂಬರ ಕಾಲದ್ದು. ಮೊದಲ ದಿನ ಅದೊಂದೇ ಸಾಕು. ಗಾಡಿ ನಿಲ್ಲಿಸಿ ಸ್ವಲ್ಪ ನಡೆದರೆ ಗುಡಿ ಬಂದೇ ಬಿಡುತ್ತದೆ, ಅವ್ವನ ಕಾಲಿಗೆ ತೊಂದರೆ ಇಲ್ಲ. ಪಕ್ಕದಲ್ಲೇ ಹೊಳೆ. ಮಕ್ಕಳು ಅಲ್ಲಿ, ಅಪ್ಪ ಇಲ್ಲಿ. ಬುತ್ತಿ ಕಟ್ಟಿಕೊಂಡು ಬರಲು ಹೇಳು, ಅಲ್ಲಿ ಊಟದ ಹೋಟೆಲ್ ನಂಬಿಕೊಂಡು ಹೋಗಬಾರದು. ಮೊಬೈಲ್ ಸಿಗ್ನಲ್ ಕೈಕೊಡುತ್ತದೆ, ಹಾಗಾಗಿ ಮೊಲೆಂನಲ್ಲೇ ಫೋನ್ ಮಾಡಿ ಮುಗಿಸಲಿ.

ಮಡಗಾಂವ್_ಮೇಷ್ಟ್ರು
ಟೆಂಪೋ ಮಾವ ಸರಿಯಾದ ಜಾಗಕ್ಕೇ ಕರೆದುಕೊಂಡು ಹೋದರು. ಆ ಗುಡಿಯಲ್ಲಿ ಏನು ನೋಡಬೇಕು ಅಂತ ಸ್ವಲ್ಪ ಬರೆಯುತ್ತೇನೆ, ಇಲ್ಲದಿದ್ದರೆ ಜನ ಹತ್ತು ನಿಮಿಷದಲ್ಲಿ ಸೆಲ್ಫಿ ತೆಗೆದು ವಾಪಸ್ ಬರುತ್ತಾರೆ.

ಗೋವಾದ ನೆಲ ಕೆಂಪು ಜಂಬಿಟ್ಟಿಗೆ ಕಲ್ಲಿನದು. ಮನೆ, ಚರ್ಚು, ಕೋಟೆ, ಎಲ್ಲವೂ ಅದರಲ್ಲೇ. ಈ ಗುಡಿ ಮಾತ್ರ ಕರಿ ಕಲ್ಲಿನದು. ಘಟ್ಟದ ಮೇಲಿಂದ ಕಲ್ಲು ತಂದರು ಅಂತ ಹೇಳುತ್ತಾರೆ. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಕಟ್ಟಿದ್ದಾರೆ. 12-13ನೇ ಶತಮಾನದ್ದು. ಮಂಟಪದ ಒಳಗೆ ತಲೆ ಎತ್ತಿ ನೋಡಿದರೆ ಛಾವಣಿಯಲ್ಲಿ ಕಮಲ. ಒಂದು ಕಂಬದ ಬುಡದಲ್ಲಿ ಆನೆ ಕುದುರೆಯನ್ನು ತುಳಿಯುತ್ತಿದೆ, ಮಕ್ಕಳಿಗೆ ಹುಡುಕಲು ಹೇಳಿ, ಅರ್ಧ ಗಂಟೆ ಸುಮ್ನೆ ಇರುತ್ತಾರೆ. ನಂದಿಗೆ ತಲೆ ಇಲ್ಲ. ಶಿಖರದ ತುದಿಯೂ ಪೂರ್ತಿ ಇಲ್ಲ. ಲಕ್ಕುಂಡಿ ನೋಡಿದ ಗದಗದವರಿಗೆ ಇದು ಚಿಕ್ಕದು ಅನಿಸಬಹುದು. ಆದರೆ ಕರಾವಳಿ ಕಡೆ ಹಳೇ ಗುಡಿಗಳೆಲ್ಲ ಹೋದಾಗ ಇದೊಂದು ಉಳಿದದ್ದು ಕಾಡಿನ ಮೂಲೆಯಲ್ಲಿ ಇದ್ದದ್ದಕ್ಕೇ.

ಒಂದು ವಿಷಯ. ನೀವು ದಿನಾ ಹತ್ತುವ ಗೋವಾ ಸರ್ಕಾರದ ಕದಂಬ ಬಸ್ಸಿನ ಹೆಸರು ಬಂದದ್ದು ಈ ಗುಡಿಯ ಕಾಲದ ಕದಂಬ ಅರಸರಿಂದಲೇ. ಇವರ ಮೊದಲ ರಾಜಧಾನಿ ಚಂದ್ರಪುರ, ಅಂದರೆ ಈಗಿನ ಚಾಂದೋರ್. 11ನೇ ಶತಮಾನದಲ್ಲಿ ಒಂದನೇ ಜಯಕೇಶಿ ಅದನ್ನು ಜುವಾರಿ ಹೊಳೆ ದಂಡೆಯ ಗೋಪಕಪಟ್ಟಣಕ್ಕೆ ತಂದ. ಖಾನಾಪುರ ಹತ್ತಿರದ ಹಲಸಿಯೂ ಇವರದೇ. ಘಟ್ಟದ ಮೇಲೆ ಒಂದು ಕಾಲು, ಸಮುದ್ರದಲ್ಲಿ ಒಂದು ಕಾಲು.

ಪಣಜಿ_ಪೋಯಿ
ಗೋಪಕಪಟ್ಟಣ ಅಂದ ಕೂಡಲೇ ನನ್ನ ಪೆದ್ದುತನ ನೆನಪಾಯಿತು. ನಮ್ಮ ಅತ್ತೆ ಮಾವ ಮೊದಲ ಸಲ ಬಂದಾಗ "ಹಳೇ ಗೋವಾ ತೋರಿಸುತ್ತೇನೆ" ಅಂತ ಫೋನಿನ ಮ್ಯಾಪಿನಲ್ಲಿ ಗೋವಾ ವೆಲ್ಹಾ ಅಂತ ಹೊಡೆದೆ. ಪೋರ್ಚುಗೀಸಿನಲ್ಲಿ ವೆಲ್ಹಾ ಅಂದರೆ ಹಳೇದು, ಸರಿ ಅಲ್ವಾ? ಮ್ಯಾಪ್ ನಮ್ಮನ್ನು ಪಣಜಿ-ಮಡಗಾಂವ್ ರಸ್ತೆಯ ಒಂದು ಹಳ್ಳಿಗೆ ಒಯ್ದು ನಿಲ್ಲಿಸಿತು. ದೊಡ್ಡ ಚರ್ಚೂ ಇಲ್ಲ, ಗುಮ್ಮಟವೂ ಇಲ್ಲ. ಅಂಗಡಿಯವನು ನಕ್ಕು, "ವೆಲ್ಹಾ ಗೋವಾ ಬೇರೆ, ಗೋವಾ ವೆಲ್ಹಾ ಬೇರೆ" ಅಂದ. ಚರ್ಚುಗಳ ಊರು ಮಾಂಡೋವಿ ದಂಡೆಯಲ್ಲಿದೆ, ಪಣಜಿಯಿಂದ ಪೂರ್ವಕ್ಕೆ ಹತ್ತು ಕಿಲೋಮೀಟರ್. ನಾವು ನಿಂತಿದ್ದು ಜುವಾರಿ ಕಡೆ.

ಮಡಗಾಂವ್_ಮೇಷ್ಟ್ರು
@ಪಣಜಿ_ಪೋಯಿ ಅದು ಪೆದ್ದುತನ ಅಲ್ಲ, ನೀವು ನಿಂತಿದ್ದೇ ಗೋಪಕಪಟ್ಟಣದಲ್ಲಿ. ಗೋವಾ ವೆಲ್ಹಾ ಅಂದರೆ ಕದಂಬರ ರಾಜಧಾನಿ ಇದ್ದ ಜಾಗ. ಆಮೇಲೆ ಬಂದರು ಮಾಂಡೋವಿ ಕಡೆ ಹೋಯಿತು, ಅಲ್ಲಿಯ ಊರೂ ಹಳೆಯದಾಗಿ ಅದಕ್ಕೂ ಹಳೇ ಗೋವಾ ಅಂತ ಹೆಸರು ಬಿತ್ತು. ಅತ್ತೆ ಮಾವನಿಗೆ ಎರಡರಲ್ಲಿ ಹೆಚ್ಚು ಹಳೆಯದನ್ನೇ ತೋರಿಸಿದ್ದೀರಿ. ಮೇಲೆ ಪಿಲಾರ್ ಗುಡ್ಡ ಹತ್ತಿದ್ದರೆ ಜುವಾರಿಯೂ ಕಾಣುತ್ತಿತ್ತು.

ಪಣಜಿ_ಪೋಯಿ
ಹತ್ತಲಿಲ್ಲ ಸರ್. ಮಾವನವರ ಸಿಟ್ಟೇ ಹತ್ತಿತ್ತು.

ಪೋಂಡಾ_ಅಕ್ಕ
ಮೊದಲ ದಿನ ತಾಂಬ್ಡಿ ಸುರ್ಲಾದಿಂದ ವಾಸ್ಕೋಗೆ ಬರುವ ದಾರಿಯಲ್ಲೇ ಪೋಂಡಾ. ಸಂಜೆ ಮಂಗೇಶಿ ಅಲ್ಲೇ ಮಾಡಿಸಿ, ಬೇರೆ ದಿನ ಇಡಬೇಡಿ. ದೀಪ ಹಚ್ಚುವ ಹೊತ್ತಿಗೆ ಆ ಏಳು ಅಂತಸ್ತಿನ ದೀಪಸ್ತಂಭ ನೋಡಲು ಚೆಂದ. ಟೈಮ್ ಇದ್ದರೆ ಮಾರ್ದೋಳದ ಮಹಾಲಸಾ, ಒಂದೇ ರಸ್ತೆ.

ಪೋಂಡಾದಲ್ಲೇ ಯಾಕೆ ಇಷ್ಟು ಗುಡಿ ಅಂತ ಕೇಳುತ್ತಾರೆ. 16ನೇ ಶತಮಾನದಲ್ಲಿ ಪೋರ್ಚುಗೀಸರು ತೀಸವಾಡಿ, ಸಾಷ್ಟಿ ಕಡೆ ಗುಡಿ ಕೆಡವಲು ಶುರು ಮಾಡಿದಾಗ ಭಕ್ತರು ದೇವರನ್ನು ಹೊತ್ತು ಹೊಳೆ ದಾಟಿದರು. ಆಚೆ ದಡ ಬಿಜಾಪುರದ ಆದಿಲ್ ಶಾಹಿಗಳದ್ದು. ಮಂಗೇಶ ಬಂದದ್ದು ಕುಠ್ಠಾಳಿಯಿಂದ, ಅಂದರೆ ನೀವು ವಾಸ್ಕೋದಿಂದ ಪಣಜಿಗೆ ಹೋಗುವಾಗ ಜುವಾರಿ ಸೇತುವೆಗೆ ಮೊದಲು ಸಿಗುತ್ತದಲ್ಲ, ಅದೇ ಊರು. ಮಹಾಲಸಾ ವೆರ್ಣೆಯಿಂದ, ಶಾಂತಾದುರ್ಗೆ ಕೇಳಶಿಯಿಂದ. ನಮ್ಮ ಮನೆಯ ಹತ್ತಿರವೇ ಸಫಾ ಮಸೀದಿ ಇದೆ, 1560ರದು, ಅದೂ ಆದಿಲ್ ಶಾಹಿ ಕಾಲದ್ದೇ. ಕೆಂಪು ಕಲ್ಲಿನ ಕೊಳ, ಗದ್ದಲ ಇಲ್ಲ. ಅಪ್ಪನಿಗೆ ಇಷ್ಟ ಆಗುತ್ತದೆ.

ಗುಡಿಗೆ ಚಡ್ಡಿ ಹಾಕಿ ಬಂದರೆ ಒಳಗೆ ಬಿಡಲ್ಲ. ಮಾವನಿಗೆ ಈಗಲೇ ಹೇಳಿಡಿ.

ಬೈನಾ_ಬಾಯ್ಸ್
ದೂಧಸಾಗರ ಬಿಟ್ಟರಾ?? ಗೋವಾಕ್ಕೆ ಬಂದು ಅದು ನೋಡದಿದ್ದರೆ ಹೇಗೆ

ಟೆಂಪೋ_ಮಾವ
310 ಮೀಟರ್ ಎತ್ತರದ ಜಲಪಾತ, ಚೆಂದ ಇಲ್ಲ ಅಂತ ಯಾರೂ ಹೇಳಲ್ಲ. ಆದರೆ ಕುಳೆಂನಿಂದ ಜೀಪ್ ಹತ್ತಬೇಕು. ಹೊಳೆಯಲ್ಲೇ ಇಳಿದು ಹತ್ತುವ ದಾರಿ, ಮೈಯೆಲ್ಲ ಕುಲುಕುತ್ತದೆ. ಜೀಪ್ ಬಿಟ್ಟ ಮೇಲೆ ಬಂಡೆಗಳ ಮೇಲೆ ನಡಿಗೆ. ಮೊಣಕಾಲಿನ ಅವ್ವನನ್ನು ಅಲ್ಲಿಗೆ ಒಯ್ದರೆ ಉಳಿದ ಎರಡು ದಿನ ರೂಮಿನಲ್ಲಿ ಮಲಗಿಸಬೇಕು. ಮಳೆಗಾಲದಲ್ಲಿ ಜೀಪ್ ಬಂದ್ ಇರುತ್ತದೆ, ಅಕ್ಟೋಬರ್‌ನಲ್ಲಿ ಶುರು ಆಗುವುದು. ಮಳೆ ಹಿಡಿದರೆ ಅದೂ ಮುಂದೆ ಹೋಗುತ್ತದೆ. ಒಮ್ಮೆ ನಾನೇ ಹುಬ್ಬಳ್ಳಿಯ ಒಂದು ಮನೆಯವರನ್ನು ಕೇಳದೆ ಕರೆದುಕೊಂಡು ಹೋಗಿ, ಗೇಟ್ ಹತ್ತಿರ ಮೂರು ಗಂಟೆ ಕೂತು, ಟೀ ಕುಡಿದು ವಾಪಸ್ ಬಂದಿದ್ದೇನೆ. ಬೈದದ್ದು ನನಗೇ.

ಹಳಿ ಮೇಲೆ ನಡೆದು ಹೋಗುತ್ತೇವೆ ಅನ್ನುವ ಹುಡುಗರಿಗೆ ಒಂದು ಮಾತು. ಅದು ಅಪರಾಧ, ರೈಲ್ವೆ ಪೊಲೀಸರು ಹಿಡಿದು ದಂಡ ಹಾಕುತ್ತಾರೆ. ಹುಬ್ಬಳ್ಳಿ ಕಡೆಯಿಂದ ವಾಸ್ಕೋಗೆ ಬರುವ ರೈಲು ಜಲಪಾತದ ಮುಂದೆಯೇ ಹಾಯುತ್ತದೆ. ಅವ್ವನಂಥವರಿಗೆ ರೈಲಿನ ಕಿಟಕಿಯೇ ಒಳ್ಳೆಯದು, ಆದರೆ ಅದಕ್ಕೆ ಹಗಲಿನ ರೈಲು ಬೇಕು.

ಬೈನಾ_ಬಾಯ್ಸ್
ಓಕೆ ಮಾವ, ಹಳಿ ಐಡಿಯಾ ಕ್ಯಾನ್ಸಲ್ 😬

ಫೆರಿ_ಪ್ರಿಯೆ
ಎರಡನೇ ದಿನ ಹಳೇ ಗೋವಾ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿರಬೇಕು. ಹನ್ನೊಂದಾದರೆ ಬಸ್ಸುಗಳ ಜಾತ್ರೆ, ಅಕ್ಟೋಬರ್ ಬಿಸಿಲು ಬೇರೆ.

ಎಲ್ಲರೂ ಬೊಮ್ ಜೀಸಸ್‌ಗೆ ಹೋಗುತ್ತಾರೆ, ಹೋಗಲೇಬೇಕು. 1594ರಲ್ಲಿ ಶುರು, 1605ರಲ್ಲಿ ಮುಗಿದದ್ದು. ಒಳಗೆ ಬೆಳ್ಳಿ ಪೆಟ್ಟಿಗೆಯಲ್ಲಿ ಸಂತ ಫ್ರಾನ್ಸಿಸ್ ಜೇವಿಯರ್ ದೇಹ ಇದೆ. ಹತ್ತು ವರ್ಷಕ್ಕೊಮ್ಮೆ ಕೆಳಗಿಳಿಸಿ ತೋರಿಸುತ್ತಾರೆ, ಹಿಂದಿನದು 2024ರ ನವೆಂಬರ್‌ನಲ್ಲಿ ಶುರುವಾಗಿ 2025ರ ಜನವರಿ ಮೊದಲ ವಾರದವರೆಗೆ ನಡೆಯಿತು. ಹೊರಗೋಡೆ ಬೋಳು ಕೆಂಪು ಕಲ್ಲು. ಮೊದಲು ಹೀಗಿರಲಿಲ್ಲ. 1950ರ ದಶಕದಲ್ಲಿ "ಹಳೇದಾಗಿ ಕಾಣಲಿ" ಅಂತ ಗಾರೆ ಕೆರೆದು ತೆಗೆದರು. ಈಗ ಪ್ರತಿ ಮಳೆಗೆ ಕಲ್ಲು ಸವೆಯುತ್ತಿದೆ, ಗಾರೆ ಮತ್ತೆ ಬಳಿಯಿರಿ ಅಂತ ಚರ್ಚಿನವರೇ ಕೇಳುತ್ತಿದ್ದಾರೆ. ಫೋಟೋದಲ್ಲಿ ಎಲ್ಲರೂ ಮೆಚ್ಚುವ ಕೆಂಪು ಬಣ್ಣವೇ ಅದರ ಕಾಯಿಲೆ.

ಎದುರಿಗೆ ಸೆ ಕೆಥೆಡ್ರಲ್. ಎರಡು ಗೋಪುರ ಇತ್ತು, 1776ರಲ್ಲಿ ಒಂದು ಬಿತ್ತು, ಮತ್ತೆ ಕಟ್ಟಲಿಲ್ಲ. ನನಗೆ ಇಷ್ಟವಾದದ್ದು ಮಾತ್ರ ಇವೆರಡೂ ಅಲ್ಲ. ಸೇಂಟ್ ಕಜೆಟನ್ ಚರ್ಚಿನ ಹತ್ತಿರ ಒಂದು ಕರಿಕಲ್ಲಿನ ಬಾಗಿಲವಾಡ ಒಂಟಿಯಾಗಿ ನಿಂತಿದೆ. ಆದಿಲ್ ಶಾಹನ ಅರಮನೆಯದು. ಕೆತ್ತನೆ ನೋಡಿದರೆ ನಮ್ಮ ಕಡೆಯ ಗುಡಿಯ ಬಾಗಿಲಿನ ಹಾಗೆಯೇ ಇದೆ. ಅದೇ ಅರಮನೆಯಲ್ಲಿ ಆಮೇಲೆ ಪೋರ್ಚುಗೀಸ್ ವೈಸರಾಯ್‌ಗಳಿದ್ದರು. ಊರಿಗೆ ರೋಗ ಬಡಿಯಿತು, ಜನ ಬಿಟ್ಟು ಹೋದರು, 1843ರಲ್ಲಿ ಪಣಜಿ ರಾಜಧಾನಿ ಆಯಿತು. ಅಷ್ಟು ದೊಡ್ಡ ಅರಮನೆಯಲ್ಲಿ ಉಳಿದದ್ದು ಆ ಬಾಗಿಲು ಒಂದೇ.

ಸೇಂಟ್ ಅಗಸ್ಟಿನ್ ಗೋಪುರಕ್ಕೂ ಹೋಗಿ. 46 ಮೀಟರ್ ಇದ್ದದ್ದು, ಈಗ ಅರ್ಧ ಮಾತ್ರ ನಿಂತಿದೆ. ಅಲ್ಲಿ ಅಗೆದಾಗ ಜಾರ್ಜಿಯಾ ದೇಶದ ರಾಣಿ ಕೇತೆವಾನಳ ಮೂಳೆ ಸಿಕ್ಕಿತು, ಡಿಎನ್‌ಎ ಪರೀಕ್ಷೆ ಮಾಡಿ 2021ರಲ್ಲಿ ಅವರ ದೇಶಕ್ಕೆ ಕೊಟ್ಟರು.

ಮ್ಯೂಸಿಯಂ ಶುಕ್ರವಾರ ರಜೆ. ದಯವಿಟ್ಟು ನೆನಪಿಡಿ. ಅಲ್ಲಿ ಕದಂಬರ ಕಾಲದ ವೀರಗಲ್ಲುಗಳಿವೆ, ಹಡಗಿನ ಯುದ್ಧ ಕೆತ್ತಿದ್ದೂ ಇದೆ. ಗದಗದ ಕಡೆ ಕುದುರೆ, ಆಕಳಿನ ವೀರಗಲ್ಲು ನೋಡಿದವರಿಗೆ ಹಡಗಿನದು ಹೊಸದು.

ಕೊನೆಗೆ ನನ್ನ ಹೆಸರಿಗೆ ತಕ್ಕ ಮಾತು: ವೈಸರಾಯ್ ಕಮಾನಿನ ಕೆಳಗೆ ನಡೆದು ಹೋದರೆ ಫೆರಿ ಧಕ್ಕೆ. ದಿವಾಡಿ ದ್ವೀಪಕ್ಕೆ ಹೋಗಿ ಬನ್ನಿ. ನಡೆದು ಹತ್ತಿದರೆ ದುಡ್ಡಿಲ್ಲ.

ಮಡಗಾಂವ್_ಮೇಷ್ಟ್ರು
ದಿವಾಡಿ ಬಗ್ಗೆ ಒಂದು ಸೇರಿಸುತ್ತೇನೆ. ಕದಂಬರ ಮನೆದೇವರು ಸಪ್ತಕೋಟೀಶ್ವರ ಮೊದಲು ಇದ್ದದ್ದು ಅಲ್ಲೇ. ಪೋರ್ಚುಗೀಸರು ಕೆಡವಿದ ಮೇಲೆ ಹೊಳೆಯಾಚೆ ನಾರ್ವೆಗೆ ಹೋಯಿತು, 1668ರಲ್ಲಿ ಶಿವಾಜಿ ಮಹಾರಾಜರು ಅಲ್ಲಿ ಗುಡಿ ಕಟ್ಟಿಸಿದರು. ಚೋರ್ಲಾ ಇಳಿದು ಬರುವವರಿಗೆ ನಾರ್ವೆ, ಸಾಖಳಿಯ ಹತ್ತಿರದ ಹರವಳೆ ಗುಹೆ ಮತ್ತು ಜಲಪಾತ ಒಂದೇ ಗುಂಪು. ನಿಮಗೆ ಈ ಸಲ ಆಗುವುದಿಲ್ಲ, ಬಿಡಿ.

ಇನ್ನೊಂದು, ಇದು ಪ್ರವಾಸಿ ಪುಸ್ತಕದಲ್ಲಿ ಸಿಗಲ್ಲ. ಕುಡಚಡೆ ಹತ್ತಿರ ಕಾಕೋಡೆಯ ಮಹಾದೇವ ಗುಡಿಯಲ್ಲಿ 10ನೇ ಶತಮಾನದ ಒಂದು ಶಾಸನ ಇದೆ. ಕನ್ನಡ ಮತ್ತು ಸಂಸ್ಕೃತದಲ್ಲಿ. ಕೆಲವು ವರ್ಷದ ಹಿಂದೆಯಷ್ಟೇ ಓದಿದರು. ತಳಾರ ನೇವಯ್ಯನ ಮಗ ಗುಂಡಯ್ಯ, ಗೋಪಕದ ಬಂದರು ಗೆಲ್ಲುವೆನೆಂಬ ಅಪ್ಪನ ಮಾತು ಉಳಿಸಲು ಹೋರಾಡಿ ಸತ್ತ ಅಂತ ಇದೆ. ನೇವಯ್ಯ, ಗುಂಡಯ್ಯ. ಈ ಹೆಸರು ಕೇಳಿದರೆ ನಮ್ಮ ಪಕ್ಕದ ಓಣಿಯವರು ಅನಿಸಲ್ವಾ?

ಕುಶಾವತಿ_ದಂಡೆ
ಮೇಷ್ಟ್ರೇ, ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲದಕ್ಕೂ "ನಮ್ಮದು ನಮ್ಮದು" ಅಂತ ಹಚ್ಚಬೇಡಿ. ನಾನು ಹುಟ್ಟಿ ಬೆಳೆದದ್ದು ಇಲ್ಲೇ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ. ನಾವು ಕದಂಬ ಕದಂಬ ಅಂದಾಗ ಇಲ್ಲಿಯವರಿಗೆ ಬೇರೆ ಥರ ಕೇಳಿಸುತ್ತದೆ. ಹಾಗೆ ನೋಡಿದರೆ ಪೋರ್ಚುಗೀಸ್ ಸೇನಾಪತಿ ಅಲ್ಬುಕರ್ಕ್‌ನನ್ನು ಗೋವಾಕ್ಕೆ ಕರೆತಂದವನೂ ಹೊನ್ನಾವರ ಕಡೆಯ ತಿಮ್ಮಯ್ಯನೇ. 1510. ಅದನ್ನೂ ನಮ್ಮದು ಅನ್ನೋಣವೇ?

ಮಡಗಾಂವ್_ಮೇಷ್ಟ್ರು
ಅನ್ನಲೇಬೇಕು. ಅರ್ಧ ಮಾತ್ರ ಆರಿಸಿಕೊಳ್ಳಲು ಆಗುವುದಿಲ್ಲವಲ್ಲ. ತಿಮ್ಮಯ್ಯನಿಗೆ ಬಿಜಾಪುರದವರನ್ನು ಓಡಿಸಬೇಕಿತ್ತು, ಪೋರ್ಚುಗೀಸರು 450 ವರ್ಷ ಕೂರುತ್ತಾರೆ ಅಂತ ಅವನಿಗೇನು ಗೊತ್ತು. ಮತ್ತೆ, ಕದಂಬರು ಗೋವಾದವರದ್ದೂ ಹೌದು. ಬಸ್ಸಿಗೆ ಆ ಹೆಸರು ಇಟ್ಟವರು ಅವರೇ, ನಾವಲ್ಲ. ನಾನು ಹೇಳಿದ್ದು ಹಕ್ಕಿನ ಮಾತಲ್ಲ, ಗದಗದಿಂದ ಬಂದ ಒಬ್ಬ ಅಪ್ಪನಿಗೆ ಗುರುತು ಹತ್ತುವ ವಿಷಯ ಅಷ್ಟೇ. ಆದರೂ ನಿಮ್ಮ ಮಾತು ತೆಗೆದು ಹಾಕುವಂಥದ್ದಲ್ಲ.

ಕುಶಾವತಿ_ದಂಡೆ
ಸರಿ, ಹಾಗಾದರೆ ಯಾರದ್ದೂ ಅಲ್ಲದ ಒಂದು ಜಾಗ ಹೇಳುತ್ತೇನೆ. ರಿವಣ ಹತ್ತಿರ ಉಸಗಾಳಿಮಾಳ. ಕುಶಾವತಿ ಹೊಳೆಯ ದಡದ ಜಂಬಿಟ್ಟಿಗೆ ಹಾಸಿನ ಮೇಲೆ ನೂರಕ್ಕೂ ಹೆಚ್ಚು ಚಿತ್ರ ಕೊರೆದಿದ್ದಾರೆ. ಗೂಳಿ, ಜಿಂಕೆ, ನವಿಲು, ಸುತ್ತುಸುತ್ತಾಗಿ ಒಳಗೆ ಹೋಗುವ ಒಂದು ದೊಡ್ಡ ಚಕ್ರ. ಸಾವಿರಾರು ವರ್ಷ ಹಳೆಯದು. ಹೊರಗಿನವರ ಕಣ್ಣಿಗೆ ಬಿದ್ದದ್ದು 1993ರಲ್ಲಿ. ಮಧ್ಯಾಹ್ನ ಹೋದರೆ ಸುಮ್ನೆ ಬಂಡೆ ಕಾಣುತ್ತದೆ. ಬೆಳಿಗ್ಗೆ ಓರೆ ಬಿಸಿಲಿನಲ್ಲಿ ಗೆರೆ ಎದ್ದು ಕಾಣುತ್ತದೆ. ಚಪ್ಪಲಿ ಬಿಟ್ಟು ನಡೆಯಿರಿ, ಸುಣ್ಣದಲ್ಲಿ ಗೆರೆ ತಿದ್ದಬೇಡಿ, ಹಾಗೆ ಮಾಡುವವರೂ ಇದ್ದಾರೆ. ಸಾಳಾವಳಿ ಡ್ಯಾಮ್ ಅದೇ ಕಡೆ, ಮಳೆಗಾಲ ಮುಗಿದಾಗ ತುಂಬಿದ್ದರೆ ನೀರು ಗುಂಡನೆಯ ಬಾಯಿಯಿಂದ ಸುರಿಯುವುದನ್ನು ಮಕ್ಕಳು ಬಿಟ್ಟು ಬರಲ್ಲ.

ಮಾಜಾಳಿ_ಗೇಟ್
ಟೆಂಪೋ ಮಾವ ಕಾರವಾರದ ಕಡೆ ಯಾಕೆ ಕಳಿಸು ಅಂದರು, ನಾನು ಹೇಳುತ್ತೇನೆ. ಕಾಣಕೋಣ ಕಡೆ ಕಾಬೋ ದ ರಾಮ ಕೋಟೆ. ಸೋದೆ ಅರಸರ ಕೈಯಲ್ಲಿದ್ದದ್ದು, ನಮ್ಮ ಶಿರಸಿ ಹತ್ತಿರದ ಸೋದೆಯೇ. 1763ರಲ್ಲಿ ಪೋರ್ಚುಗೀಸರ ಪಾಲಾಯಿತು. ಅದೇ ಹೊತ್ತಿಗೆ ಹೈದರಾಲಿ ಸೋದೆ ಮೇಲೆ ಬಿದ್ದ, ಅರಸ ಗೋವಾಕ್ಕೆ ಓಡಿ ಬಂದು ಪೋರ್ಚುಗೀಸರ ಆಸರೆ ಪಡೆದ. ಅವರ ವಂಶದವರು ಇಲ್ಲೇ ನೆಲೆಸಿದರು.

ಕೋಟೆಯೊಳಗೆ ಪುಟ್ಟ ಬಿಳಿ ಚರ್ಚು, ತುಕ್ಕು ಹಿಡಿದ ತೋಪು, ಕೆಳಗೆ ಸಮುದ್ರ. ಗೋಡೆ ಅಂಚಿಗೆ ಮಕ್ಕಳನ್ನು ಬಿಡಬೇಡಿ, ಎಲ್ಲ ಕಡೆ ತಡೆ ಇಲ್ಲ. ಅಲ್ಲಿಂದ ಹಾಗೇ ಪೊಳೆಂ, ಮಾಜಾಳಿ, ಕಾರವಾರ. ರಾತ್ರಿಗೆ ಮನೆ.

ಪಣಜಿ_ಪೋಯಿ
ಅಗ್ವಾದ ಪೂರ್ತಿ ಬಿಟ್ಟುಬಿಟ್ಟಿರಿ! 1612ರ ಕೋಟೆ, 1864ರ ದೀಪಸ್ತಂಭ, ಹಡಗುಗಳಿಗೆ 23 ಲಕ್ಷ ಗ್ಯಾಲನ್‌ಗೂ ಜಾಸ್ತಿ ನೀರು ಹಿಡಿಸುವ ತೊಟ್ಟಿ. ಹೆಸರು ಬಂದದ್ದೇ ನೀರಿನಿಂದ. ರಜೆಯಲ್ಲಿ ಕಾಂದೊಳಿ ರಸ್ತೆ ಜಾಮ್ ಆಗುವುದು ನಿಜ. ಹಾಗಾದರೆ ರೇಯಿಸ್ ಮಾಗೋಸ್‌ಗೆ ಹೋಗಿ, ಚಿಕ್ಕದು, ಚೊಕ್ಕ, ಪಣಜಿ ಎದುರಿಗೇ ಇದೆ. 1551ರದು, ದುರಸ್ತಿ ಮಾಡಿ 2012ರಲ್ಲಿ ತೆರೆದರು, ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂಡಾ ಬಿಡಿಸಿದ ಚಿತ್ರಗಳನ್ನೂ ಇಟ್ಟಿದ್ದಾರೆ.

ಪಣಜಿಯ ಫೊಂಟೈನಾಸ್ ಬೀದಿಗೆ ಹೋದರೆ ಒಂದು ವಿನಂತಿ. ಅದು ಜನ ಇರುವ ಓಣಿ. ಬೇರೆಯವರ ಕಟ್ಟೆ ಮೇಲೆ ಕೂತು ಮದುವೆ ಫೋಟೋ ತೆಗೆಯಬೇಡಿ, ಕಿಟಕಿಯಿಂದ ಅಜ್ಜಿ ಬೈದರೆ ನಾನು ಜವಾಬ್ದಾರಿ ಅಲ್ಲ.

ವಾಸ್ಕೋ_ಬಾಡಿಗೆಮನೆ
ಎಲ್ಲರಿಗೂ ಕೈಮುಗಿದೆ. ಬುಧವಾರ ಅನಮೋಡ, ತಾಂಬ್ಡಿ ಸುರ್ಲಾ, ಮಂಗೇಶಿ. ಗುರುವಾರ ಹಳೇ ಗೋವಾ, ಫೆರಿ, ಪಣಜಿ. ಶುಕ್ರವಾರ ಕಾಬೋ ದ ರಾಮ, ಹಾಗೇ ಕಾರವಾರ. ಬರೆದು ಅಪ್ಪನಿಗೆ ಕಳಿಸಿದ್ದೇನೆ.

ವಾಸ್ಕೋ_ಬಾಡಿಗೆಮನೆ (ಎರಡು ವಾರದ ನಂತರ)
ಬಂದು ಹೋದರು, ವರದಿ ಕೊಡಬೇಕಲ್ಲ.

ಟಿಟಿಯವನು ಒಂದು ದಿನ ತಡ ಮಾಡಿದ. ಬುಧವಾರದ ಬದಲು ಗುರುವಾರ ಘಾಟ್ ಇಳಿದರು. ನಾನು ಬಸ್ಸಿನಲ್ಲಿ ಮೊಲೆಂಗೆ ಹೋಗಿ ಅಲ್ಲೇ ಕೂಡಿಕೊಂಡೆ. ತಾಂಬ್ಡಿ ಸುರ್ಲಾದಲ್ಲಿ ಅಪ್ಪ ಒಂದು ಮಾತೂ ಆಡಲಿಲ್ಲ. ಗುಡಿಯ ಸುತ್ತ ಮೂರು ಸಲ ಬಂದು, ಕಲ್ಲಿನ ಸಂದಿಯಲ್ಲಿ ಉಗುರು ಹಾಕಿ ನೋಡಿ, "ಹೋಗೂದಿಲ್ಲ" ಅಂದರು. ಆನೆ-ಕುದುರೆಯನ್ನು ಮೊದಲು ಹುಡುಕಿದ್ದು ಅಕ್ಕನ ಸಣ್ಣ ಮಗಳು. ಹೊಳೆ ದಂಡೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಮಳೆ ಬಂತು, ಯಾರೂ ಏಳಲಿಲ್ಲ.

ಮಂಗೇಶಿಯಲ್ಲಿ ಮಾವನ ಚಡ್ಡಿ ವಿಷಯ ಪೋಂಡಾ ಅಕ್ಕ ಹೇಳಿದ ಹಾಗೆಯೇ ಆಯಿತು. ಕಾಕಾನ ಲುಂಗಿ ಉಟ್ಟು ಒಳಗೆ ಹೋದರು.

ಮರುದಿನ ಹಳೇ ಗೋವಾ. ಆ ಒಂಟಿ ಬಾಗಿಲಿನ ಕೆಳಗೆ ನಿಂತು ಅಪ್ಪ ಬಹಳ ಹೊತ್ತು ಮೇಲೆ ನೋಡಿದರು. ಆಮೇಲೆ ಹಡಗಿನ ವೀರಗಲ್ಲು ತೋರಿಸು ಅಂದರು. ಮ್ಯೂಸಿಯಂ ಬಾಗಿಲಿಗೆ ಬೀಗ. ಶುಕ್ರವಾರ! ಒಂದು ದಿನ ಜರುಗಿದಾಗ ಈ ಲೆಕ್ಕ ತಲೆಗೆ ಬರಲೇ ಇಲ್ಲ. ಫೆರಿ ಪ್ರಿಯೆ ಅವರೇ, ನೀವು "ದಯವಿಟ್ಟು" ಅಂತ ಬೇರೆ ಬರೆದಿದ್ದಿರಿ. ತಪ್ಪು ನನ್ನದೇ.

ಫೆರಿ ಮಾತ್ರ ಅವ್ವನಿಗೆ ಹಿಡಿಸಿತು. ದಿವಾಡಿಗೆ ಹೋಗಿ, ಬಂದು, ಇಳಿಯದೆ ಮತ್ತೆ ಹೋದರು. ದುಡ್ಡು ಕೇಳಲ್ಲ ಅಂದರೆ ನಂಬಲೇ ಇಲ್ಲ, ಇಳಿಯುವಾಗಲೂ ಕೈಯಲ್ಲಿ ಹತ್ತು ರೂಪಾಯಿ ಹಿಡಿದುಕೊಂಡಿದ್ದರು.

ಪೋಂಡಾ_ಅಕ್ಕ
ಲುಂಗಿ ಫೋಟೋ ಹಾಕಿ ಮಾರಾಯರೇ 😄 ಕಾಕಾ ಏನಂದರು?

ವಾಸ್ಕೋ_ಬಾಡಿಗೆಮನೆ
ಕಾಕಾ ಕಾಬೋ ದ ರಾಮದಲ್ಲಿ ತೋಪಿನ ಮೇಲೆ ಕೂತು ಎಳನೀರು ಕುಡಿದು, ಅದರ ರೇಟು ಕೇಳಿ, "ಗೋವಾದಾಗ ಏನೈತಿ, ಬರೇ ತುಟ್ಟಿ" ಅಂದರು. ಉಸುಕು, ಬಾಟ್ಲಿ ಹೋಯಿತಲ್ಲ, ಅಷ್ಟೇ ನನಗೆ ಸಾಕು. ಅಪ್ಪ ಮಾತ್ರ ಆ ವೀರಗಲ್ಲು ಬಿಟ್ಟಿಲ್ಲ, ಜನವರಿಯಲ್ಲಿ ಮತ್ತೆ ಬರುತ್ತಾರಂತೆ.

ಟೆಂಪೋ_ಮಾವ
ಈ ಸಲ ಚೋರ್ಲಾ ಇಳಿಸು. ನಾರ್ವೆ, ಹರವಳೆ ಮುಗಿಸಿ ಬರಲಿ. ಮತ್ತೆ ಗುರುವಾರ ಹೊರಡಲು ಬಿಡಬೇಡ.